ಮೇಲ್ ಸರ್ವರ್ ಬಿಳಿಕೆರೇಲಿದ್ರೆ ಏನಂತೆ?

"ಮನೇಲಿ ಏನು ಬೇಕಾದ್ರೂ ಹೋಸ್ಟ್ ಮಾಡಿ, ಮೇಲ್ ಒಂದನ್ನ ಬಿಟ್ಟು." ಈ ಕೆಲಸ ಗೊತ್ತಿರುವವರೆಲ್ಲ ಕೊಡುವ ಬುದ್ಧಿಮಾತು ಇದು. ನಮ್ಮ ಸೀನಿಯರ್‌ಗಳೂ ಇದನ್ನೇ ಹೇಳಿದರು. ಆದರೂ ಕಳೆದ ಆರು ತಿಂಗಳಿಂದ ಸಂಘದ ಮೇಲ್ ಬಂದು ಬೀಳುತ್ತಿರುವುದು ಬಿಳಿಕೆರೆಯ ಒಂದು ಮನೆಗೆ, ನಮ್ಮ ಗೆಳೆಯನ ಕೋಣೆಯಲ್ಲಿರುವ ಹಳೇ ಲ್ಯಾಪ್‌ಟಾಪಿಗೆ. ಮೈಸೂರು-ಹುಣಸೂರು ಹೆದ್ದಾರಿಗೆ ಕೆ.ಆರ್. ನಗರದ ರಸ್ತೆ ಬಂದು ಸೇರುತ್ತಲ್ಲ, ಆ ಬಿಳಿಕೆರೆ. ಬುದ್ಧಿಮಾತು ಅರ್ಧ ಸರಿ, ಅರ್ಧ ಬರೀ ಹೆದರಿಕೆ ಅನ್ನೋದು ನಮ್ಮ ಅಭಿಪ್ರಾಯ.

ಇದಕ್ಕೆ ಕೈ ಹಾಕಿದ್ದು ಶೋಕಿಗಲ್ಲ. ಸಂಘದ ಹಳೇ ಐಡಿ ಒಂದು ಉಚಿತ ಖಾತೆ. ಅದಕ್ಕೆ ಜೋಡಿಸಿದ್ದ ಮೊಬೈಲ್ ನಂಬರು ಯಾವಾಗಲೋ ಪಾಸಾಗಿ ಹೋದ ಸೀನಿಯರ್ ಒಬ್ಬರದು. ಅವರು ಕೆಲಸಕ್ಕೆ ಸೇರಿದರು, ನಂಬರು ಬದಲಾಯಿತು. ಈಗ ಹೊಸ ಫೋನಿನಿಂದ ಲಾಗಿನ್ ಆಗಲು ಹೋದರೆ ಒಟಿಪಿ ಇನ್ಯಾರಿಗೋ ಹೋಗುತ್ತೆ. ಹಳೇ ಬ್ಯಾಚಿನವರು ಕಳಿಸಿದ ಕತೆ, ಕವನ, ರಾಜ್ಯೋತ್ಸವದ ಫೋಟೋ ಎಲ್ಲಾ ಒಳಗಿವೆ, ಬಾಗಿಲಿಗೆ ಬೀಗ. ಕೇಳೋಣ ಅಂದ್ರೆ ಮಾತಾಡೋಕೆ ಆ ಕಡೆ ಮನುಷ್ಯರೇ ಇಲ್ಲ.

ಸರ್ವರ್ ಊರಲ್ಲಿದೆ ಅಂದ ತಕ್ಷಣ ಎಲ್ಲರೂ ಕೇಳೋದು ಒಂದೇ ಪ್ರಶ್ನೆ: ಕರೆಂಟ್ ಹೋದ್ರೆ? ನಿಜ ಹೇಳಬೇಕೆಂದರೆ ಮೇಲ್‌ಗೆ ಕರೆಂಟಿನ ಚಿಂತೆ ಅಷ್ಟಾಗಿ ಇಲ್ಲ. 1982ರಲ್ಲಿ ಜಾನ್ ಪೋಸ್ಟೆಲ್ ಆರ್‌ಎಫ್‌ಸಿ 821ರಲ್ಲಿ ಎಸ್‌ಎಂಟಿಪಿಯ ನಿಯಮ ಬರೆದಾಗ ಯಂತ್ರಗಳು ಕೆಟ್ಟು ಕೂರೋದು, ಲೈನ್ ಕಡಿದುಹೋಗೋದು ಮಾಮೂಲಿ. ಹಾಗಾಗಿ ಈ ಪದ್ಧತಿಗೆ ತಾಳ್ಮೆ ಹುಟ್ಟುಗುಣ. ಆ ಕಡೆಯ ಸರ್ವರ್ ಸಿಗದಿದ್ದರೆ ಕಳಿಸುವ ಸರ್ವರ್ ಪತ್ರವನ್ನು ಸರದಿಯಲ್ಲಿಟ್ಟುಕೊಂಡು ಮತ್ತೆ ಮತ್ತೆ ಬಾಗಿಲು ತಟ್ಟಬೇಕು. ಕೈಚೆಲ್ಲುವ ಮುಂಚೆ ಕನಿಷ್ಠ 4-5 ದಿನ ಪ್ರಯತ್ನಿಸಬೇಕು ಅನ್ನುತ್ತೆ 2008ರ ಆರ್‌ಎಫ್‌ಸಿ 5321. ನಾವು ಬಳಸುವ ಪೋಸ್ಟ್‌ಫಿಕ್ಸ್‌ನಲ್ಲಿ ಈ ಅವಧಿ ಮೊದಲಿಂದಲೇ 5 ದಿನ. ಮಳೆಗೆ ಮರ ಬಿದ್ದು ರಾತ್ರಿಯಿಡೀ ಕತ್ತಲಾದರೂ ಬೆಳಗ್ಗೆ ಪತ್ರಗಳು ಒಂದೊಂದಾಗಿ ಬರುತ್ತವೆ. ಚಿಕ್ಕಪುಟ್ಟ ಕಡಿತಕ್ಕೆ ಲ್ಯಾಪ್‌ಟಾಪಿನ ಬ್ಯಾಟರಿಯೇ ಸಾಕು. ರೂಟರಿಗೆ ಮಾತ್ರ ಒಂದು ಪುಟ್ಟ ಯುಪಿಎಸ್ ಇಟ್ಟಿದ್ದೇವೆ.

ನಿಜವಾದ ತೊಡಕು ವಿಳಾಸದ್ದು. ಐಪಿವಿ4 ವಿಳಾಸಗಳು ಸಾಲದೆ ಕಂಪನಿಗಳು ನೂರಾರು ಮನೆಗಳಿಗೆ ಒಂದೇ ಐಪಿ ಹಂಚುತ್ತವೆ. ಇದಕ್ಕೆ ಸಿಜಿನ್ಯಾಟ್ ಅಂತ ಹೆಸರು. ಹಳೇ ಮೈಸೂರಿನ ವಠಾರ ನೆನಪಿಸಿಕೊಳ್ಳಿ: ಹೊರಗೆ ಒಂದೇ ಗೇಟು, ಒಳಗೆ ಹತ್ತು ಸಂಸಾರ. ಒಳಗಿಂದ ಹೊರಗೆ ಹೋಗೋಕೆ ಅಡ್ಡಿಯಿಲ್ಲ. ಹೊರಗಿನವರು ಬಂದು ಗೇಟಲ್ಲಿ ನಿಂತರೆ ಯಾರ ಮನೆಗೆ ಅಂತ ಗೇಟಿಗೆ ಗೊತ್ತಿಲ್ಲ. ನಿಮ್ಮ ರೂಟರಿನ ವ್ಯಾನ್ ವಿಳಾಸ 100.64ರಿಂದ 100.127ರ ಒಳಗಿದ್ದರೆ ನೀವೂ ವಠಾರದವರೇ. ರೂಟರಲ್ಲಿ ಎಷ್ಟು ಪೋರ್ಟ್ ಫಾರ್ವರ್ಡ್ ಮಾಡಿದರೂ ಮೇಲ್ ಬಂದು ಮುಟ್ಟೋದಿಲ್ಲ.

ಕಳಿಸೋದು ಇನ್ನೂ ಕಷ್ಟ. ಮನೆ ಸಂಪರ್ಕಗಳಲ್ಲಿ 25ನೇ ಪೋರ್ಟ್ ಮುಚ್ಚಿರೋದು ಸಾಮಾನ್ಯ. ತೆರೆದಿದ್ದರೂ ಆ ಕಡೆಯ ಸರ್ವರ್ "ಯಾರ ಮನೆಯವನಪ್ಪಾ ನೀನು?" ಅಂತ ಕೇಳುತ್ತೆ. ಐಪಿಯಿಂದ ಹೆಸರು ಹುಡುಕುವ ಪಿಟಿಆರ್ ದಾಖಲೆ ಅದಕ್ಕೆ ಬೇಕು. ಅದನ್ನು ಬರೆಯುವ ಅಧಿಕಾರ ನಮ್ಮದಲ್ಲ, ಐಪಿ ಕೊಟ್ಟವರದು. ಸಾಲದ್ದಕ್ಕೆ, ಮನೆ ಸಂಪರ್ಕದ ಐಪಿಗಳು ಅಂತಲೇ ಸ್ಪ್ಯಾಮ್‌ಹೌಸ್‌ನಂಥವರು ಪಟ್ಟಿ ಮಾಡಿಟ್ಟಿರುತ್ತಾರೆ. ಅದರಲ್ಲಿದ್ದರೆ ಎಷ್ಟೋ ಕಡೆ ಪತ್ರ ಓದುವ ಮೊದಲೇ ತಿರಸ್ಕಾರ. ಬುದ್ಧಿಮಾತಿನ ಸರಿಯಾದ ಅರ್ಧ ಇದೇ.

ನಾವು ಹಿಡಿದ ದಾರಿ ಹೀಗಿದೆ. ಸ್ಥಿರ ಐಪಿ ಇರುವ ಪುಟ್ಟ ವಿಪಿಎಸ್ ಒಂದನ್ನು ಬಾಡಿಗೆಗೆ ಹಿಡಿದು, ಅಲ್ಲಿಂದ ಬಿಳಿಕೆರೆಗೆ ವೈರ್‌ಗಾರ್ಡ್ ಸುರಂಗ ಹಾಕಿದ್ದೇವೆ. ವಿಪಿಎಸ್ ಬರೀ ಗೇಟು. ಪತ್ರಗಳು ಉಳಿಯೋದು ಮನೇಲಿ, ಡವ್‌ಕಾಟ್ ಕೈಯಲ್ಲಿ. ಹೊರಗೆ ಹೋಗುವ ಪತ್ರವೂ ಆ ಗೇಟಿನಿಂದಲೇ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಬರೆದಿದ್ದೇವೆ. ಫೆಬ್ರವರಿ 2024ರಿಂದ ಜಿಮೇಲ್, ಯಾಹೂ ನಿಯಮ ಬಿಗಿ ಮಾಡಿವೆ. ಜಿಮೇಲಿಗೆ ದಿನಕ್ಕೆ 5,000 ಪತ್ರ ಕಳಿಸುವವರಿಗೆ ಮೂರೂ ಕಡ್ಡಾಯ, ನಮ್ಮಂಥ ಚಿಲ್ಲರೆ ಜನಕ್ಕೂ ಎಸ್‌ಪಿಎಫ್ ಅಥವಾ ಡಿಕಿಮ್ ಜೊತೆಗೆ ಪಿಟಿಆರ್ ಬೇಕೇ ಬೇಕು. ಸ್ಪ್ಯಾಮಿನ ಕಾಟ ನೋಡಿದರೆ ಈ ನಿಯಮಗಳು ಅನ್ಯಾಯ ಅನ್ನಲಾಗದು. ನಮ್ಮ ತಕರಾರು ಬೇರೆ: ಎಲ್ಲವನ್ನೂ ಪಾಲಿಸಿದ ಮೇಲೂ ಮೊದಲ ಕೆಲವು ವಾರ ನಮ್ಮ ಪತ್ರಗಳು ಸ್ಪ್ಯಾಮ್‌ಗೇ ಹೋದವು, ಯಾಕೆ ಅಂತ ಯಾರೂ ಹೇಳಲಿಲ್ಲ. ಯಾವ ಯಂತ್ರವಾದರೂ ಯಾವ ಯಂತ್ರಕ್ಕಾದರೂ ಬರೆಯಬಹುದು ಅಂತ ಶುರುವಾದ ಪದ್ಧತಿಯಲ್ಲಿ ಈಗ ಶಿಫಾರಸು ಬೇಕು.

ಕನ್ನಡ ಸಂಘಕ್ಕೆ ಇದರಲ್ಲಿ ಇನ್ನೊಂದು ಲಾಭವಿದೆ. ಮೇಲ್ ವಿಳಾಸವನ್ನೇ ಕನ್ನಡ ಅಕ್ಷರದಲ್ಲಿ ಬರೆಯಲು ಅವಕಾಶ ಕೊಡುವ ಆರ್‌ಎಫ್‌ಸಿ 6531 ಬಂದದ್ದು 2012ರಲ್ಲಿ. ಅಂಥ ವಿಳಾಸಗಳಿಗೆ ಜಿಮೇಲಿನಿಂದ ಪತ್ರ ಕಳಿಸಲು 2014ರಿಂದಲೇ ಆಗುತ್ತೆ, ಆದರೆ ಜಿಮೇಲಿನಲ್ಲಿ ಹೆಸರು ಕನ್ನಡದಲ್ಲಿಟ್ಟು ಖಾತೆ ತೆರೆಯೋಕೆ ಆಗಲ್ಲ. ಪೋಸ್ಟ್‌ಫಿಕ್ಸ್ 2015ರ 3.0 ಆವೃತ್ತಿಯಿಂದ ಇದನ್ನು ಬಲ್ಲದು. ಡೊಮೇನಿಗೆ ಕನ್ನಡದಲ್ಲೇ '.ಭಾರತ' ಇದೆ. ಸ್ವಂತ ಸರ್ವರ್ ಇದ್ದರೆ ಹೆಸರೂ ಕನ್ನಡ, ಮನೆತನವೂ ಕನ್ನಡ. ಎಷ್ಟೋ ವೆಬ್‌ಸೈಟಿನ ಫಾರಂಗಳು ಇದನ್ನು ವಿಳಾಸವೇ ಅಲ್ಲ ಅಂತ ಕೆಂಪಗೆ ತೋರಿಸ್ತವೆ. ಆ ಫಾರಂ ಬರೆಯೋರು ನಾಳೆ ನಮ್ಮಲ್ಲೇ ಯಾರೋ ಆಗಿರ್ತಾರೆ.

ಎಲ್ಲರೂ ಹೀಗೆ ಮಾಡಿ ಅಂತ ನಾವು ಹೇಳುತ್ತಿಲ್ಲ. ಬ್ಯಾಂಕು, ಪ್ಲೇಸ್‌ಮೆಂಟಿನ ಮೇಲ್ ಇದ್ದಲ್ಲೇ ಇರಲಿ. ಪೋರ್ಟ್ ತೆರೆದ ಮೊದಲ ದಿನವೇ ಯಾರ್ಯಾರೋ ಪಾಸ್‌ವರ್ಡ್ ಊಹಿಸೋಕೆ ಬಂದದ್ದು ಲಾಗ್‌ನಲ್ಲಿದೆ. ಅಪ್‌ಡೇಟ್, ಬ್ಯಾಕಪ್ ನೋಡಿಕೊಳ್ಳುವ ಪುರುಸೊತ್ತಿಲ್ಲದವರು ಈ ಗೋಜಿಗೆ ಬರೋದು ಬೇಡ. ಆದರೆ ಐದನೇ ಸೆಮಿಸ್ಟರಿನಲ್ಲಿ ನೆಟ್‌ವರ್ಕ್ಸ್ ಓದಿ, ಎಸ್‌ಎಂಟಿಪಿಯ ಚಿತ್ರ ಬರೆದು ಅಂಕ ತಗೊಂಡವರು ಒಂದು ಸಲವಾದರೂ ಇಂಥ ಸರ್ವರಿನ ಲಾಗ್ ಓದಬೇಕು.

ಸರ್ವರ್ ಇಡಲಿ ಬಿಡಲಿ, ಪ್ರತಿ ಸಂಘಕ್ಕೂ ತನ್ನದೇ ಡೊಮೇನ್ ಇರಲೇಬೇಕು. ಅದಿದ್ದರೆ ಬಿಳಿಕೆರೆಯ ಲ್ಯಾಪ್‌ಟಾಪ್ ಸುಟ್ಟುಹೋದರೂ ಎಂಎಕ್ಸ್ ದಾಖಲೆ ಬದಲಿಸಿ ಬೇರೆ ಕಡೆ ಹೋಗಬಹುದು, ವಿಳಾಸ ಅದೇ ಇರುತ್ತೆ. ನಮ್ಮದು ಈಗ ಮೂರನೇ ವರ್ಷದ ಇಬ್ಬರ ಹೆಸರಲ್ಲಿದೆ, ಬರುವ ವರ್ಷ ಅವರೂ ಹೊರಡುತ್ತಾರೆ. ಅದನ್ನು ಸಂಘದ ಹೆಸರಿಗೆ ಬದಲಾಯಿಸೋದು, ನವೀಕರಣದ ದುಡ್ಡು ಯಾರು ಕಟ್ಟೋದು, ಪಾಸ್‌ವರ್ಡ್ ಯಾವ ಇಬ್ಬರ ಹತ್ತಿರ ಇರಬೇಕು ಅನ್ನೋದನ್ನ ಮುಂದಿನ ಸಭೇಲಿ ತೀರ್ಮಾನ ಮಾಡೋಣ. ಯುಪಿಎಸ್ ಬ್ಯಾಟರಿಯ ಬಿಲ್ಲೂ ಅವತ್ತೇ ಬರುತ್ತೆ.