ತಪ್ಪಿಹೋಗುವ ಭಯ

ಮಳೆಗಾಲದ ಭಾನುವಾರ ಮಳವಳ್ಳಿ ದಾಟಿ ಗಗನಚುಕ್ಕಿಗೆ ಹೋದವರು ಕಂಡಿರಬಹುದು: ಕಾವೇರಿ ಧುಮುಕುತ್ತಿರುವುದು ಬೆನ್ನ ಹಿಂದೆ, ಜನರ ಕಣ್ಣೆಲ್ಲ ಕೈಯಲ್ಲಿರುವ ಮೊಬೈಲಿನ ಮೇಲೆ. ಯಾರೋ ಒಬ್ಬ ಇನ್‌ಫ್ಲುಯೆನ್ಸರ್ ಇಲ್ಲಿ ನಿಂತು ರೀಲ್ಸ್ ಮಾಡಿದನಂತೆ. ತಾವೂ ಅಲ್ಲಿಯೇ ನಿಲ್ಲದಿದ್ದರೆ ಜನ್ಮ ವ್ಯರ್ಥವೆಂಬ ಆತುರ. ಈ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿಯಿತೆಂದು ಹೇಳಹೊರಟರೆ ಕೇಳುವ ವ್ಯವಧಾನ ಯಾರಿಗಿದೆ?

ಮದ್ದೂರಿನ ವಡೆಯ ಗತಿಯೂ ಅದೇ. ಅದರ ರುಚಿಗೆ ನಮ್ಮ ನಾಲಿಗೆಯೇ ಸಾಕ್ಷಿಯಾಗಿತ್ತು. ಈಗ ಬೆಂಗಳೂರಿನಿಂದ ಬಂದವನೊಬ್ಬ ಕಣ್ಣರಳಿಸಿ ಮುರಿದು ತಿನ್ನುವುದನ್ನು ಫೋನಿನಲ್ಲಿ ನೋಡಿದ ಮೇಲೆಯೇ ಮದ್ದೂರಿನವನಿಗೂ ಹಸಿವು!

ಈ ಭಯ ತಾನಾಗಿ ಹುಟ್ಟಿದ್ದಲ್ಲ, ಹುಟ್ಟಿಸಿದ್ದು ಎಂಬುದೇ ನನ್ನ ವಾದ. ಇನ್‌ಸ್ಟಾಗ್ರಾಮಿನಲ್ಲಿ 2016ರಲ್ಲಿ ‘ಸ್ಟೋರಿ’ ಬಂತು. 24 ಗಂಟೆ ಕಳೆದರೆ ಮಾಯ. ಏಕೆ ಮಾಯವಾಗಬೇಕು? ನಾಳೆ ನೋಡೋಣವೆಂದು ನೀವು ಸುಮ್ಮನಿರಬಾರದಲ್ಲ! ಸಂತೆಯಲ್ಲಿ ‘ಇದೇ ಕೊನೇ ಕಟ್ಟು’ ಎಂದು ಕೂಗುವ ಸೊಪ್ಪಿನವಳ ಜಾಣತನವೇ ಇದು. ಆಕೆ ಸೊಪ್ಪನ್ನಾದರೂ ಕೊಡುತ್ತಾಳೆ.

ಹಣವನ್ನೋ ಉಚಿತ ಸರಕನ್ನೋ ಪಡೆದು ಹೊಗಳುವವರು ಅದು ಜಾಹೀರಾತೆಂದು ಸ್ಪಷ್ಟವಾಗಿ ತಿಳಿಸಬೇಕೆಂದು ಕೇಂದ್ರ ಸರ್ಕಾರ 2023ರ ಜನವರಿಯಲ್ಲಿಯೇ ಮಾರ್ಗಸೂಚಿ ಹೊರಡಿಸಿದೆ. ಆದರೂ ‘ನನಗಿದು ಬಹಳ ಇಷ್ಟ ಫ್ರೆಂಡ್ಸ್’ ಎನ್ನುವ ಆ ಸಲಿಗೆಯ ದನಿಯಲ್ಲಿ ವ್ಯಾಪಾರ ಎಲ್ಲಿ ಕಾಣಬೇಕು? ಅಣ್ಣನೋ ಅಕ್ಕನೋ ಹೇಳಿದಂತೆಯೇ ಕೇಳುತ್ತದೆ.

ಮಂಡ್ಯದ ಕಾಲೇಜಿಗೆ ಬರುವ ರೈತರ ಮಕ್ಕಳನ್ನು ಜರೆಯುವುದು ಎಲ್ಲರಿಗೂ ಸುಲಭ. ಕಬ್ಬಿನ ಬಾಕಿ ಕೈಗೆ ಬರುವ ಮೊದಲೇ ಹುಡುಗ ಹೊಸ ಫೋನಿಗೆ ಕಂತು ಕಟ್ಟತೊಡಗಿದರೆ, ಮೊದಲು ಲೆಕ್ಕ ಕೇಳಬೇಕಾದದ್ದು ಅದನ್ನು ಅವನ ಕಣ್ಣ ಮುಂದೆ ಕುಣಿಸಿ ಹಣ ಎಣಿಸಿಕೊಂಡವನನ್ನು.