ಪಾಸ್‌ವರ್ಡ್ ಮರೆತವರ ಪರವಾಗಿ

ಪಾಸ್‌ವರ್ಡ್ ಮರೆತವರನ್ನು ಅಜಾಗರೂಕರೆಂದು ನಾವು ಬಹಳ ಬೇಗ ತೀರ್ಮಾನಿಸಿಬಿಡುತ್ತೇವೆ. ಮರೆತವರೂ ಅದನ್ನು ಒಪ್ಪಿಕೊಂಡು, ‘ವಯಸ್ಸಾಯ್ತು, ತಲೇಲಿ ಏನೂ ನಿಲ್ಲಲ್ಲ’ ಎಂದು ತಮ್ಮನ್ನೇ ದೂರಿಕೊಳ್ಳುತ್ತಾರೆ. ಆದರೆ ಅದೇ ಜನ ಎಟಿಎಂ ಪಿನ್ ಮರೆಯುವುದಿಲ್ಲ. ಎಂದೋ ತೆಗೆಸಿಹಾಕಿದ ಲ್ಯಾಂಡ್‌ಲೈನ್ ನಂಬರನ್ನು ಈಗಲೂ ತಟ್ಟನೆ ಹೇಳುತ್ತಾರೆ. ಅವರು ಮರೆಯುವುದು ವರ್ಷಕ್ಕೊಮ್ಮೆ ಬೇಕಾಗುವ ಪಾಸ್‌ವರ್ಡನ್ನು. ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸಲು ಜುಲೈಯಲ್ಲೊಮ್ಮೆ, ಪಿಎಫ್ ಪಾಸ್‌ಬುಕ್ ನೋಡಲು ಯಾವಾಗಲೋ ಒಮ್ಮೆ ಅದು ಬೇಕಾಗುತ್ತದೆ. ದಿನವೂ ಬಳಸಿದ್ದು ಉಳಿಯುತ್ತದೆ, ಬಳಸದ್ದು ಜಾರಿಹೋಗುತ್ತದೆ. ನೆನಪು ಎಲ್ಲರಲ್ಲೂ ಹೀಗೇ ಕೆಲಸ ಮಾಡುತ್ತದೆ. ಹಾಗಿದ್ದ ಮೇಲೆ ಮರೆವನ್ನು ತಡೆಯುವುದು ಹೇಗೆ ಎಂದು ತಲೆ ಕೆಡಿಸಿಕೊಳ್ಳುವುದಕ್ಕಿಂತ, ಮರೆತೇ ಮರೆಯುತ್ತೇವೆ ಎಂದು ಮೊದಲೇ ಒಪ್ಪಿಕೊಂಡು ಅದಕ್ಕೆ ಸಿದ್ಧರಾಗಿರುವುದು ಮೇಲಲ್ಲವೇ?

ಮರೆವಿಗೆ ನಮಗಿಂತ ಹೆಚ್ಚಿನ ಕಾರಣ ನಿಯಮಗಳಲ್ಲೇ ಇದೆ ಎಂದೂ ನನಗನ್ನಿಸುತ್ತದೆ. ಒಂದು ದೊಡ್ಡಕ್ಷರ ಇರಲಿ, ಒಂದು ಅಂಕಿ ಇರಲಿ, ಒಂದು ಚಿಹ್ನೆ ಇರಲಿ, ಮೂರು ತಿಂಗಳಿಗೊಮ್ಮೆ ಬದಲಾಯಿಸಿ: ಈ ಮಾತುಗಳನ್ನು ಕೇಳದವರಿಲ್ಲ. ಇವು ಹೀಗೆ ಹರಡಲು ಮುಖ್ಯ ಕಾರಣ, ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2003ರ ಸುಮಾರಿಗೆ ಸಿದ್ಧಪಡಿಸಿದ ಮಾರ್ಗಸೂಚಿ. ಅದನ್ನು ಬರೆದ ಬಿಲ್ ಬರ್ ಅವರೇ 2017ರಲ್ಲಿ, ತಾವು ಬರೆದದ್ದರಲ್ಲಿ ಬಹುಪಾಲಿನ ಬಗ್ಗೆ ಈಗ ವಿಷಾದವಿದೆ ಎಂದು ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಗೆ ಹೇಳಿದರು. ಅದೇ ವರ್ಷ ನಿಸ್ಟ್ ತನ್ನ ಸಲಹೆಯನ್ನು ತಿರುಗಿಸಿತು. ಚಿಹ್ನೆ-ಅಂಕಿಗಳ ಒತ್ತಾಯ ಬೇಡ, ಸೋರಿಕೆಯ ಸುಳಿವಿಲ್ಲದೆ ಅವಧಿಗೊಮ್ಮೆ ಬದಲಾಯಿಸುವುದೂ ಬೇಡ, ಉದ್ದವಾಗಿದ್ದರೆ ಒಳ್ಳೆಯದು ಎಂದಿತು. ಕಾರಣ ಸರಳ. ಬದಲಾಯಿಸು ಎಂದು ಬಲವಂತ ಮಾಡಿದರೆ ನಾವು ಕೊನೆಯ ಅಂಕಿಯೊಂದನ್ನು ಬದಲಾಯಿಸುತ್ತೇವೆ, ಚಿಹ್ನೆ ಬೇಕೆಂದರೆ ಹೆಸರಿನ ಮುಂದೆ ‘@’ ಹಾಕಿ 123 ಎಂದು ಸೇರಿಸುತ್ತೇವೆ. ಊಹಿಸುವವನಿಗೆ ಇದು ಕಷ್ಟವಲ್ಲ, ಆದರೆ ಈ ಸಲ ಕೊನೆಯಲ್ಲಿ 3 ಇತ್ತೋ 4 ಇತ್ತೋ ಎಂಬುದು ನಮಗೇ ನೆನಪಿರುವುದಿಲ್ಲ. ಇಷ್ಟಾದರೂ ನಮ್ಮ ಅನೇಕ ಕಚೇರಿಗಳು ಹಳೆಯ ನಿಯಮವನ್ನೇ ನಡೆಸಿಕೊಂಡು ಬರುತ್ತಿವೆ.

‘ಎಲ್ಲೂ ಬರೆದಿಡಬೇಡಿ’ ಎಂಬ ಮಾತನ್ನು ಪ್ರಶ್ನಿಸುವಾಗ ನಾನು ಸ್ವಲ್ಪ ಹಿಂಜರಿಯುತ್ತೇನೆ. ಅದು ಸದುದ್ದೇಶದ ಮಾತು, ಮತ್ತು ಎಟಿಎಂ ಪಿನ್, ಯುಪಿಐ ಪಿನ್‌ಗಳ ಮಟ್ಟಿಗೆ ಸರಿಯಾದ ಮಾತೂ ಹೌದು. ಅವನ್ನು ಈ ವಾದದ ಹೊರಗಿಡುತ್ತೇನೆ. ಉಳಿದವುಗಳ ವಿಷಯದಲ್ಲಿ, ಕದಿಯುವವನು ಎಲ್ಲಿರುತ್ತಾನೆ ಎಂದು ಒಮ್ಮೆ ಕೇಳಿಕೊಳ್ಳಬೇಕು. ಸಾಮಾನ್ಯವಾಗಿ ಅವನು ಎಲ್ಲೋ ದೂರದಲ್ಲಿ ಕುಳಿತಿರುತ್ತಾನೆ. ಒಂದು ಕಡೆ ಸೋರಿದ ಪಾಸ್‌ವರ್ಡನ್ನು ಇನ್ನೊಂದು ಕಡೆ ಹಾಕಿ ನೋಡುತ್ತಾನೆ. ನಿಮ್ಮ ಬೀರುವಿನಲ್ಲಿ ಸೀರೆಗಳ ಕೆಳಗಿರುವ ಡೈರಿ ಅವನ ಕೈಗೆ ಎಟುಕುವುದಿಲ್ಲ. ಬರೆದಿಡದವರು ಮಾಡುವುದಾದರೂ ಏನು? ಎಲ್ಲ ಕಡೆಗೂ ಒಂದೇ ಪಾಸ್‌ವರ್ಡ್ ಇಡುತ್ತಾರೆ, ಅವನಿಗೆ ಬೇಕಾದದ್ದೂ ಅದೇ. ಭದ್ರತಾ ತಜ್ಞ ಬ್ರೂಸ್ ಶ್ನೈಯರ್ 2005ರಲ್ಲೇ, ಗಟ್ಟಿ ಪಾಸ್‌ವರ್ಡ್ ಮಾಡಿ ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಳ್ಳಿ ಎಂದಿದ್ದರು. ಬೆಲೆಬಾಳುವ ಸಣ್ಣ ಕಾಗದಗಳನ್ನು ಜೋಪಾನ ಮಾಡುವುದು ನಮಗೆ ಚೆನ್ನಾಗಿ ಗೊತ್ತಿದೆ ಎಂಬುದು ಅವರ ವಾದ.

ಇದಕ್ಕೆ ನೀವು ಎರಡು ಆಕ್ಷೇಪ ಎತ್ತಬಹುದು, ಎರಡೂ ನ್ಯಾಯವಾದವೇ. ಮನೆಯೊಳಗಿನವರೆಲ್ಲ ನಂಬಿಕಸ್ಥರೇ ಆಗಿರಬೇಕೆಂದಿಲ್ಲ. ಗಂಡ ಹೆಂಡತಿಯ ಫೋನನ್ನು ದಿನವೂ ತೆಗೆದು ನೋಡುವ ಮನೆಯ ಹೆಣ್ಣುಮಗಳಿಗೆ ಡೈರಿ ಸುರಕ್ಷಿತ ಎಂದು ನಾನು ಹೇಳಲಾರೆ. ಎರಡನೆಯದು, ಚೀಟಿ ಕಳೆದುಹೋಗಬಹುದು. ಸ್ಯಾನ್ ಫ್ರಾನ್ಸಿಸ್ಕೋದ ಪ್ರೋಗ್ರಾಮರ್ ಸ್ಟೀಫನ್ ಥಾಮಸ್ 7,002 ಬಿಟ್‌ಕಾಯಿನ್‌ಗಳ ಕೀಲಿಯನ್ನು ಒಂದು ಎನ್‌ಕ್ರಿಪ್ಟೆಡ್ ಡ್ರೈವಿನಲ್ಲಿಟ್ಟು, ಅದರ ಪಾಸ್‌ವರ್ಡನ್ನು ಬರೆದಿಟ್ಟ ಕಾಗದವನ್ನೇ ಕಳೆದುಕೊಂಡರು. ಆ ಡ್ರೈವ್ ಕೊಡುವುದು ಹತ್ತೇ ಅವಕಾಶ. 2021ರಲ್ಲಿ ಸುದ್ದಿಯಾದಾಗ ಎಂಟು ಮುಗಿದಿದ್ದವು. ಆದರೆ ಈ ಪ್ರಕರಣವನ್ನು ಸ್ವಲ್ಪ ಗಮನಿಸಿ: ಅಲ್ಲಿ ಕೊರತೆಯಾದದ್ದು ಎರಡನೇ ದಾರಿ. ‘ಮರೆತಿರಾ?’ ಎಂದು ಕೇಳುವ ಯಾರೂ ಆ ಡ್ರೈವಿನ ಹಿಂದೆ ಇರಲಿಲ್ಲ.

ನನ್ನ ಮುಖ್ಯ ಅನುಮಾನ ಇರುವುದು ಇಲ್ಲಿಯೇ. ಪಾಸ್‌ವರ್ಡೇ ನಿಜವಾದ ಬೀಗ, ‘ಪಾಸ್‌ವರ್ಡ್ ಮರೆತಿರಾ?’ ಎಂಬುದು ಅಪರೂಪದ ತುರ್ತು ವ್ಯವಸ್ಥೆ ಎಂದು ನಾವು ಭಾವಿಸಿದ್ದೇವೆ. ಆದರೆ ಅದರ ಮೂಲಕ ಒಳಹೋಗಬಲ್ಲವನಿಗೆ ಪಾಸ್‌ವರ್ಡ್ ಬೇಕೇ ಆಗುವುದಿಲ್ಲ. 2008ರಲ್ಲಿ ಅಮೆರಿಕದ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿಯಾಗಿದ್ದ ಸಾರಾ ಪೇಲಿನ್ ಅವರ ಯಾಹೂ ಮೇಲ್‌ಗೆ ಒಬ್ಬ ಕಾಲೇಜು ವಿದ್ಯಾರ್ಥಿ ನುಗ್ಗಿದ್ದು ಪಾಸ್‌ವರ್ಡ್ ಮುರಿದಲ್ಲ. ಹುಟ್ಟಿದ ದಿನ, ಪಿನ್‌ಕೋಡ್, ಗಂಡನನ್ನು ಭೇಟಿಯಾದ ಜಾಗ ಇಷ್ಟನ್ನು ಹುಡುಕಿಕೊಂಡು ಆತ ಪಾಸ್‌ವರ್ಡನ್ನೇ ಹೊಸದಾಗಿಸಿದ. ಇಂಥ ಪ್ರಶ್ನೆಗಳು ಬೇರೆಯವರಿಗೆ ಸುಲಭ, ನಮಗೇ ಕಷ್ಟ. ಗೂಗಲ್ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಮೆರಿಕದ ಇಂಗ್ಲಿಷ್ ಬಳಕೆದಾರರಲ್ಲಿ ಶೇ 40ರಷ್ಟು ಮಂದಿಗೆ ಬೇಕಾದಾಗ ತಾವೇ ಕೊಟ್ಟ ಉತ್ತರ ನೆನಪಾಗಲಿಲ್ಲ. ಅದೇ ಅಧ್ಯಯನದ ಪ್ರಕಾರ ಇಷ್ಟದ ತಿಂಡಿ ಯಾವುದೆಂಬುದನ್ನು ಮೊದಲ ಊಹೆಯಲ್ಲೇ ಹೇಳಿಬಿಡುವ ಸಾಧ್ಯತೆ ಸುಮಾರು ಐದರಲ್ಲಿ ಒಂದು. ನಮ್ಮಲ್ಲಿ ಇನ್ನೊಂದು ತೊಡಕಿದೆ. ಹುಟ್ಟಿದ ಊರು ಶೃಂಗೇರಿ ಎಂದು ಮರೆಯುವವರಿಲ್ಲ. ಆದರೆ ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಅಂದು ‘ಎಸ್’ ಆದಮೇಲೆ ‘ಎಚ್’ ಹಾಕಿದ್ದೆವೋ ಇಲ್ಲವೋ ಎಂಬುದು ಯಾರಿಗೆ ನೆನಪಿರುತ್ತದೆ?

ಒಟಿಪಿ ಬಂದ ಮೇಲೆ ಈ ತಾಪತ್ರಯವೆಲ್ಲ ಮುಗಿಯಿತು ಎನ್ನುವವರಿದ್ದಾರೆ. ಬಹುಪಾಲು ಸಂದರ್ಭಗಳಲ್ಲಿ ಅದು ನಿಜ. ಆದರೆ ಒಟಿಪಿ ನಮ್ಮನ್ನು ಒಂದು ನಂಬರಿಗೆ ಕಟ್ಟಿಹಾಕುತ್ತದೆ, ಆ ನಂಬರು ನಮ್ಮ ಸ್ವತ್ತಲ್ಲ. ರೀಚಾರ್ಜ್ ದುಬಾರಿಯಾಯಿತೆಂದು ಎರಡನೇ ಸಿಮ್ ಬಿಟ್ಟುಬಿಡುತ್ತೇವೆ. ಸ್ಥಗಿತಗೊಂಡ ನಂಬರನ್ನು ಕನಿಷ್ಠ 90 ದಿನ ಹೊಸಬರಿಗೆ ಕೊಡುವುದಿಲ್ಲ ಎಂದು ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ 2023ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿತ್ತು. ಎಂದರೆ ಅದಾದ ಮೇಲೆ ಕೊಡಬಹುದು. ಆಗ ನಮ್ಮ ಒಟಿಪಿ ಅಪರಿಚಿತರೊಬ್ಬರ ಕೈಯಲ್ಲಿ ಸದ್ದು ಮಾಡುತ್ತದೆ. ಒಟಿಪಿ ಯಾವ ನಂಬರಿಗೆ ಹೋಯಿತೆಂದು ನೋಡಿದರೆ, ಪರದೆಯ ಮೇಲೆ ಎಂಟು ನಕ್ಷತ್ರ, ಕೊನೆಗೆ 47. ಆ 47 ಯಾರದು ಎಂದು ಮನೆಮಂದಿಯೆಲ್ಲ ತಮ್ಮ ತಮ್ಮ ನಂಬರು ಹೇಳಿಕೊಳ್ಳುತ್ತಾರೆ. ‘ಇಮೇಲ್‌ಗೆ ಕಳಿಸಿ’ ಎಂಬುದನ್ನು ಒತ್ತಿದರೆ, ಆ ಇಮೇಲ್ ತೆರೆಯಲೂ 47ರ ನಂಬರಿಗೇ ಒಟಿಪಿ ಹೋಗುತ್ತದೆ. ಎರಡು ಪೆಟ್ಟಿಗೆಗಳ ಬೀಗದ ಕೈಗಳನ್ನು ಒಂದರೊಳಗೊಂದು ಇಟ್ಟು ಮುಚ್ಚಿದ ಹಾಗೆ.

ಬಹಳ ಸಲ ಆ 47 ಮನೆಯವರದ್ದೇ ಆಗಿರುವುದಿಲ್ಲ. ವಿದ್ಯಾರ್ಥಿವೇತನಕ್ಕೋ ಪ್ಯಾನ್ ಕಾರ್ಡಿಗೋ ಪಿಎಫ್‌ಗೋ ಅರ್ಜಿ ಹಾಕಲು ಸೈಬರ್ ಸೆಂಟರಿಗೆ ಹೋಗುತ್ತೇವೆ. ಹಿಂದೆ ಜನ ನಿಂತಿರುತ್ತಾರೆ, ಸರ್ವರ್ ನಿಧಾನ. ‘ಮೊಬೈಲ್ ನಂಬರ್ ಯಾವುದು ಹಾಕ್ಲಿ ಅಣ್ಣಾ?’ ಎಂದು ಹುಡುಗ ಕೇಳುತ್ತಾನೆ. ಫೋನ್ ಮನೆಯಲ್ಲಿದೆ, ಅಥವಾ ಚಾರ್ಜ್ ಇಲ್ಲ. ‘ನಿಂದೇ ಹಾಕಪ್ಪ, ಕೆಲಸ ಆದ್ರೆ ಸಾಕು’ ಎನ್ನುತ್ತೇವೆ. ಅವನು ಉಪಕಾರವೆಂದೇ ತನ್ನ ನಂಬರು, ತನ್ನ ಇಮೇಲ್ ಹಾಕಿ, ಪಾಸ್‌ವರ್ಡನ್ನು ರಸೀದಿಯ ಹಿಂದೆ ಬರೆದುಕೊಡುತ್ತಾನೆ. ಎರಡು ವರ್ಷದ ಮೇಲೆ ಅಂಗಡಿ ಇರುವುದಿಲ್ಲ. ಇದನ್ನು ಪಾಸ್‌ವರ್ಡ್ ಮರೆತ ಪ್ರಕರಣ ಎಂದು ಕರೆಯುವುದು ನನಗೆ ಸರಿಕಾಣುವುದಿಲ್ಲ. ಆ ಖಾತೆ ಮೊದಲ ದಿನದಿಂದಲೂ ಇನ್ನೊಬ್ಬರ ಕೈಯಲ್ಲಿತ್ತು.

ಹೊರಗುಳಿದಾಗ ಮಾಡಬೇಕಾದದ್ದರ ಬಗ್ಗೆಯೂ ರೂಢಿಯ ತಿಳಿವಳಿಕೆ ಅಷ್ಟು ಸರಿಯಿಲ್ಲ. ಹಳೆಯ ಪಾಸ್‌ವರ್ಡನ್ನೇ ಕಳಿಸಿದರೆ ಸಾಕಲ್ಲ ಎಂದು ಹಲವರು ಬೇಸರಿಸುತ್ತಾರೆ. ಆದರೆ ಸರಿಯಾಗಿ ಕಟ್ಟಿದ ತಾಣದ ಬಳಿ ಅದು ಇರುವುದೇ ಇಲ್ಲ; ಹಿಂದಕ್ಕೆ ತಿರುಗಿಸಲಾಗದಂತೆ ಪರಿವರ್ತಿಸಿದ ಒಂದು ಗುರುತು ಮಾತ್ರ ಇರುತ್ತದೆ. 2009ರಲ್ಲಿ ರಾಕ್‌ಯೂ ಎಂಬ ಕಂಪನಿಯಿಂದ ಸೋರಿದ 3 ಕೋಟಿ 20 ಲಕ್ಷದಷ್ಟು ಪಾಸ್‌ವರ್ಡುಗಳನ್ನು ಇದ್ದದ್ದು ಇದ್ದ ಹಾಗೇ ಓದಬಹುದಾಗಿತ್ತು, ಏಕೆಂದರೆ ಅವರು ಆ ಪರಿವರ್ತನೆ ಮಾಡಿರಲಿಲ್ಲ. ಹಳೆಯ ಪಾಸ್‌ವರ್ಡನ್ನು ಹಾಗೇ ಮೇಲ್ ಮಾಡುವ ತಾಣವನ್ನು ನಾನು ನಂಬುವುದಿಲ್ಲ. ಇನ್ನೊಂದು ರೂಢಿ, ನೆನಪಿಗೆ ಬಂದದ್ದನ್ನೆಲ್ಲ ಹಾಕಿ ನೋಡುವುದು. ಅದರಿಂದ ಖಾತೆ ಬೀಗ ಹಾಕಿಕೊಳ್ಳುವ ಸಾಧ್ಯತೆಯೇ ಹೆಚ್ಚು. ಅದಕ್ಕಿಂತ ಮೊದಲು ಫೋನಿನ ಸೆಟ್ಟಿಂಗ್ಸ್‌ನಲ್ಲಿ, ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳ ಪಟ್ಟಿ ನೋಡುವುದು ಒಳ್ಳೆಯದು. ಎಂದೋ ‘ಸೇವ್’ ಒತ್ತಿರುತ್ತೇವೆ. ಮರೆತಿರುವುದು ಪಾಸ್‌ವರ್ಡೋ ಯೂಸರ್ ಐಡಿಯೋ ಎಂದೂ ನೋಡಬೇಕು. ಆದಾಯ ತೆರಿಗೆಯಲ್ಲಿ ಪ್ಯಾನ್ ನಂಬರೇ ಐಡಿ, ಪಿಎಫ್‌ನಲ್ಲಿ ಯುಎಎನ್. ತೆರಿಗೆಯ ಪೋರ್ಟಲ್‌ಗೆ ನೆಟ್ ಬ್ಯಾಂಕಿಂಗ್ ಮೂಲಕ ಪಾಸ್‌ವರ್ಡೇ ಇಲ್ಲದೆ ಒಳಹೋಗುವ ದಾರಿಯೂ ಇದೆ. ಜಿಮೇಲ್ ಆದರೆ, ಯಾವಾಗಲೂ ಬಳಸುವ ಫೋನಿನಿಂದ, ಯಾವಾಗಲೂ ಇರುವ ಜಾಗದಿಂದ ಪ್ರಯತ್ನಿಸಿ ಎಂದು ಗೂಗಲೇ ಹೇಳುತ್ತದೆ. ಸೈಬರ್ ಸೆಂಟರಿಗೆ ಓಡಿದರೆ ನಿಮ್ಮನ್ನು ಗುರುತಿಸುವುದು ಅದಕ್ಕೆ ಇನ್ನಷ್ಟು ಕಷ್ಟವಾಗಬಹುದು. ಗಾಬರಿಯಲ್ಲಿ ‘ಕಸ್ಟಮರ್ ಕೇರ್ ನಂಬರ್’ ಎಂದು ಹುಡುಕಿ ಸಿಕ್ಕಿದ್ದಕ್ಕೆ ಫೋನ್ ಮಾಡುವುದಂತೂ ಬೇಡ. ವಂಚಕರು ಕಾದು ಕೂತಿರುವುದು ಅಲ್ಲಿಯೇ.

ಫೋನಿನ ಬೀಗ ತೆರೆದ ಹಾಗೆಯೇ ಖಾತೆಯನ್ನೂ ತೆರೆಯುವ ಪಾಸ್‌ಕೀ ಎಲ್ಲೆಡೆ ಬಂದರೆ ಪಾಸ್‌ವರ್ಡೇ ಬೇಡವಾಗುತ್ತದೆ ಎಂಬ ಭರವಸೆಯನ್ನು ನಾನು ಅಲ್ಲಗಳೆಯುವುದಿಲ್ಲ. ಬೆರಳಿಟ್ಟರೆ ತೆರೆಯುವುದು ದೊಡ್ಡ ಅನುಕೂಲ. ಆದರೂ ಫೋನ್ ಕಳೆದ ದಿನ ಪ್ರಶ್ನೆ ಮತ್ತೆ ಅದೇ: ನೀವು ನೀವೇ ಎಂದು ಯಾವ ದಾರಿಯಲ್ಲಿ ತೋರಿಸುತ್ತೀರಿ?

ಆದ್ದರಿಂದ ಡೈರಿಯಲ್ಲಿ ಪಾಸ್‌ವರ್ಡಿಗಿಂತ ಮೊದಲು ಬರೆಯಬೇಕಾದದ್ದು ಬೇರೆ: ಯಾವ ಖಾತೆಗೆ ಯಾವ ಐಡಿ, ಯಾವ ನಂಬರು, ಯಾವ ಇಮೇಲ್. ಗೂಗಲ್ ಕೊಡುವ ಹತ್ತು ಬ್ಯಾಕಪ್ ಕೋಡುಗಳನ್ನು ಮುದ್ರಿಸಿ ಅದೇ ಡೈರಿಯಲ್ಲಿಟ್ಟರೆ 47ರ ನಂಬರು ಇಲ್ಲದಾಗಲೂ ಒಂದು ದಾರಿ ಇರುತ್ತದೆ. ಸಿಮ್ ಬಿಡುವ ಮುಂಚೆ ಈ ಪುಟ ತೆಗೆದು ಒಂದೊಂದಾಗಿ ನಂಬರು ಬದಲಾಯಿಸಬೇಕು. ಇನ್ನೊಂದು ಸಲಹೆ ಕೆಲವರಿಗೆ ವಿಚಿತ್ರವೆನಿಸಬಹುದು. ಪಾಸ್‌ವರ್ಡ್ ಚೆನ್ನಾಗಿ ನೆನಪಿರುವ ದಿನವೇ, ಏನೂ ಅವಸರವಿಲ್ಲದ ಮೇ ತಿಂಗಳಲ್ಲೋ ಎಂದೋ, ಬೇಕೆಂದೇ ‘ಪಾಸ್‌ವರ್ಡ್ ಮರೆತಿರಾ?’ ಎಂಬುದನ್ನು ಒತ್ತಿ ನೋಡಿ. ನೆನಪಿರುವಾಗ ಇದೆಲ್ಲ ಕಾಲಹರಣ ಎಂದು ನೀವು ಹೇಳಬಹುದು. ಆದರೆ ಒಟಿಪಿ ಎಲ್ಲಿಗೆ ಹೋಗುತ್ತಿದೆ ಎಂಬುದು ಬೇರೆ ಯಾವ ರೀತಿಯಲ್ಲೂ ಇಷ್ಟು ಖಚಿತವಾಗಿ ತಿಳಿಯುವುದಿಲ್ಲ. ಅದು ತಪ್ಪು ನಂಬರಿಗೆ ಹೋಗುತ್ತಿದ್ದರೆ, ಪಾಸ್‌ವರ್ಡ್ ಇನ್ನೂ ಕೈಯಲ್ಲಿರುವುದರಿಂದ ಅವತ್ತೇ ಒಳಹೋಗಿ ಸರಿಪಡಿಸಬಹುದು. ಜುಲೈ 31ರ ರಾತ್ರಿ ಆ ಅವಕಾಶ ಇರುವುದಿಲ್ಲ.