ಎರಡು ಕೊಡ ನೀರು

ಪಿಂಪರಿ-ಚಿಂಚವಡ ಮಹಾನಗರಪಾಲಿಕೆಯು 2019ರ ನವೆಂಬರಿನಲ್ಲಿ ದಿನ ಬಿಟ್ಟು ದಿನ ನೀರು ಬಿಡುವ ಕ್ರಮವನ್ನು ಜಾರಿಗೆ ತಂದಿತು. ಎಲ್ಲರಿಗೂ ನೀರು ಸಮನಾಗಿ ತಲುಪಲೆಂಬುದು ಅದರ ಉದ್ದೇಶ. ಆದರೆ ಈ ನಿಯಮಕ್ಕೆ ತೊಟ್ಟಿಯುಳ್ಳವನ ಮನೆಯಲ್ಲಿ ಒಂದು ಅರ್ಥ, ಕೊಡವುಳ್ಳವನ ಮನೆಯಲ್ಲಿ ಇನ್ನೊಂದು. ಭೋಸರಿಯ ನಮ್ಮ ಸೊಸೈಟಿಯಲ್ಲಿ ನೆಲದಡಿಯ ತೊಟ್ಟಿಯಿದೆ, ಪಂಪಿದೆ, ಕೊಳವೆಬಾವಿಯಿದೆ. ಇವೆಲ್ಲ ಕೈಕೊಟ್ಟರೆ ಟ್ಯಾಂಕರ್ ತರಿಸುವ ಶಕ್ತಿಯೂ ಇದೆ. ಪಕ್ಕದ ತಗಡಿನ ಸಾಲುಮನೆಗಳಲ್ಲಿರುವುದು ಪ್ಲಾಸ್ಟಿಕ್ ಕೊಡಗಳು.

ಆ ಸಾಲುಮನೆಗಳವರು ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯ ಗೌಂಡಿ ಕೆಲಸದವರು. ನಾವು ವಾಸಿಸುವ ಮಹಡಿಗಳಿಗೆ ಇಟ್ಟಿಗೆ ಹೊತ್ತವರು. ಕಳೆದ ಬೇಸಿಗೆಯಲ್ಲಿ ನನ್ನ ಕನ್ನಡ ಕಿವಿಗೆ ಬಿದ್ದು, ಅವರಲ್ಲೊಬ್ಬ ಹೆಣ್ಣುಮಗಳು ಗೇಟಿನ ಬಳಿ ನಿಂತು, "ನಮ್ಮ ಕಡೀಯವರೇನ್ರಿ ಸಾಹೇಬ್ರ? ಬೋರಿನ ನೀರು ಎರಡು ಕೊಡ ತುಂಬ್ಕೋತೀನ್ರಿ" ಎಂದಳು. ಅಂದು ಕೊಟ್ಟೆವು. ಮರುವಾರ ಸೊಸೈಟಿಯ ಸಭೆ ಸೇರಿ, ಹೊರಗಿನವರಿಗೆ ನೀರು ಕೊಡಕೂಡದೆಂದು ನಿರ್ಣಯಿಸಿತು. 'ಹೊರಗಿನವರು' ಎಂಬ ಮಾತು ತಮಗೆ ತಗಲಿದಾಗ ನೊಂದುಕೊಳ್ಳುವ ಹೊರನಾಡ ಕನ್ನಡಿಗರೂ ಅಲ್ಲಿದ್ದರು. ನಾನೂ ಇದ್ದೆ. ಕೈ ಎತ್ತಲಿಲ್ಲ, ವಿರೋಧಿಸಲೂ ಇಲ್ಲ. ಮೂವತ್ತು ವರ್ಷಗಳ ಸರಕಾರಿ ನೌಕರಿ ಕಲಿಸಿದ ವಿದ್ಯೆಯದು.

ನಗರಗಳಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎಂಬುದು ಕೇಂದ್ರದ ಮಾನದಂಡ. ಐವರ ಕುಟುಂಬಕ್ಕೆ 675 ಲೀಟರ್. 15 ಲೀಟರಿನ ಕೊಡದಲ್ಲಿ ಅಳೆದರೆ 45 ಕೊಡ. ಆಕೆ ಕೇಳಿದ್ದು ಎರಡು.

ಈ ಅಸಮತೆ ಭೋಸರಿಯಲ್ಲಿ ಆರಂಭವಾದುದೇನಲ್ಲ. ನಮ್ಮ ನಗರ ಬೆಳೆದದ್ದು ಮಾವಳದ ಗುಡ್ಡಗಳ ಪವನಾ ಜಲಾಶಯದ ನೀರಿನಿಂದ. ಅದು ನದಿಯಲ್ಲಿ ಹರಿದು ಬಂದು ರಾವೇತದಲ್ಲಿ ಎತ್ತಲ್ಪಡುತ್ತದೆ. ಅಣೆಕಟ್ಟಿನಿಂದಲೇ ಮುಚ್ಚಿದ ಕೊಳವೆಯಲ್ಲಿ ನೀರು ತರುವ ಯೋಜನೆಯನ್ನು ವಿರೋಧಿಸಿ 2011ರ ಆಗಸ್ಟ್ 9ರಂದು ಮಾವಳದ ರೈತರು ಮುಂಬಯಿ-ಪುಣೆ ಎಕ್ಸ್‌ಪ್ರೆಸ್ ಹೆದ್ದಾರಿಯನ್ನು ತಡೆದರು. ಪೊಲೀಸರ ಗುಂಡಿಗೆ ಮೂವರು ಬಲಿಯಾದರು. ಅದಕ್ಕೂ ತೊಂಬತ್ತು ವರ್ಷ ಮೊದಲು, 1921ರಲ್ಲಿ, ನೆರೆಯ ಮುಳಶಿಯ ರೈತರು ಟಾಟಾ ಕಂಪನಿಯ ಅಣೆಕಟ್ಟಿನ ವಿರುದ್ಧ ಸತ್ಯಾಗ್ರಹ ಹೂಡಿದ್ದರು. ಸೇನಾಪತಿ ಬಾಪಟರು ಅದರ ಮುಂದಾಳು. ಈಗ ಆಂದ್ರಾ, ಭಾಮಾ-ಆಸಖೇಡ ಜಲಾಶಯಗಳ ನೀರೂ ನಗರದ ಪಾಲಿಗೆ ಮಂಜೂರಾಗಿದೆ. ಅಷ್ಟು ದೂರದಿಂದ, ಅಷ್ಟು ಬೆಲೆ ತೆತ್ತು ತಂದ ನೀರು ನಮ್ಮ ಗೇಟಿನೊಳಗೆ ಬಂದು ನಿಂತುಬಿಡುತ್ತದೆ.

ನಮ್ಮ ಸಂಘದ ಅಂಗಳದಲ್ಲೂ ಒಂದು ಕೊಳವೆಬಾವಿಯಿದೆ. ಕಾಂಪೌಂಡಿನ ಹೊರಮುಖಕ್ಕೆ ಒಂದು ನಲ್ಲಿ ಹಾಕಿಸಬೇಕೆಂಬ ಸೂಚನೆಯನ್ನು ಬರುವ ಸರ್ವಸದಸ್ಯರ ಸಭೆಯಲ್ಲಿ ಮಂಡಿಸಲಿದ್ದೇನೆ. ವಿದ್ಯುತ್ ಬಿಲ್ಲಿನ ಪ್ರಶ್ನೆ ಏಳುವುದೆಂದು ಬಲ್ಲೆ. ಮೊದಲ ವರ್ಷದ್ದನ್ನು ನಾನು ತೆರುತ್ತೇನೆ; ಎರಡನೆಯ ವರ್ಷಕ್ಕೆ ಸದಸ್ಯರು ಹೆಸರು ಬರೆಸಬೇಕು.